ಹಕ್ಕಿಯ ಹೊಟ್ಟೆಯಲ್ಲಿ ನಮ್ಮೂರಿನ ಪ್ಲಾಸ್ಟಿಕ್

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯ ನಾವೆಲ್ಲ ಈಗ ಕಡಲತೀರದವರು ಎಂಬುದು ನಮಗೇ ಅಷ್ಟಾಗಿ ನೆನಪಿರುವುದಿಲ್ಲ. ಊರಿನಲ್ಲಿದ್ದಾಗ ಬೆಂಗಳೂರು, ಮೈಸೂರಿನವರು ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಘಟ್ಟ ಇಳಿಯಬೇಕಿತ್ತು. ಇಲ್ಲಿ ಎಡಿಸನ್ನಿನಿಂದ ಹೊರಟರೆ ಒಂದು ಗಂಟೆಯೊಳಗೆ ಸ್ಯಾಂಡಿ ಹುಕ್ ತಲುಪಬಹುದು. ಬೇಸಿಗೆ ಬಂತೆಂದರೆ ಚಿತ್ರಾನ್ನ, ಮೊಸರನ್ನದ ಡಬ್ಬಿಗಳನ್ನು ಕೂಲರಿನಲ್ಲಿಟ್ಟು, ಮಕ್ಕಳನ್ನು ಕಾರಿಗೆ ಹತ್ತಿಸಿ ಹೊರಟೇಬಿಡುತ್ತೇವೆ. ಆದರೂ ನಮ್ಮ ಮಾತಿನಲ್ಲಿ ಸಮುದ್ರ ಒಂದು ವಾರಾಂತ್ಯದ ಜಾಗವೇ ಹೊರತು ನಮ್ಮ ನೆರೆಮನೆಯಲ್ಲ.

ಪೆಸಿಫಿಕ್ ಸಾಗರದ ನಡುವೆ ಮಿಡ್‌ವೇ ಎಂಬ ಹವಳದ ದ್ವೀಪವಿದೆ. ಅಲ್ಲಿ ಸತ್ತುಬಿದ್ದ ಆಲ್ಬಟ್ರಾಸ್ ಮರಿಗಳ ಚಿತ್ರಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 2009ರಲ್ಲಿ ಕ್ರಿಸ್ ಜೋರ್ಡಾನ್ ಎಂಬ ಛಾಯಾಗ್ರಾಹಕರು ತೆಗೆದವು. ಮೈ ಕೊಳೆತು ಮಣ್ಣಾಗಿದೆ, ಗರಿ ಮೂಳೆಗಳಷ್ಟೇ ಉಳಿದಿವೆ, ಹೊಟ್ಟೆಯಿದ್ದ ಜಾಗದಲ್ಲಿ ಮಾತ್ರ ಬಾಟಲಿ ಮುಚ್ಚಳ, ಸಿಗರೇಟ್ ಲೈಟರ್, ಬಣ್ಣಬಣ್ಣದ ಚೂರುಗಳು ಹೊಸದರಂತೆ ಹೊಳೆಯುತ್ತಿವೆ. ನೋಡಿದವರೆಲ್ಲ "ಅಯ್ಯೋ ಪಾಪ" ಅನ್ನುತ್ತಾರೆ. ನಾನೂ ಅಂದವನೇ. ಆದರೆ ಮಿಡ್‌ವೇ ಹೊನೊಲುಲುವಿನಿಂದಲೇ ಎರಡು ಸಾವಿರ ಕಿಲೋಮೀಟರಿಗೂ ದೂರ. ಅಲ್ಲಿಗೂ ನಮ್ಮ ಮನೆಯ ಕಸದ ಬುಟ್ಟಿಗೂ ಏನು ಸಂಬಂಧ ಎಂದು ಮನಸ್ಸು ಸಮಾಧಾನ ಹೇಳಿಕೊಳ್ಳುತ್ತದೆ.

ಸಂಬಂಧ ಇದೆ. ಸಮುದ್ರದ ಹಕ್ಕಿಗಳು ಪ್ಲಾಸ್ಟಿಕ್ ತಿನ್ನುತ್ತಿವೆ ಎಂದು ಜಗತ್ತಿಗೆ ಮೊದಮೊದಲು ಹೇಳಿದ ಜಾಗಗಳಲ್ಲಿ ಒಂದು ನಮ್ಮ ನ್ಯೂಯಾರ್ಕ್ ರಾಜ್ಯದಲ್ಲೇ ಇದೆ. ಅದರ ಹೆಸರು ಗ್ರೇಟ್ ಗಲ್ ಐಲ್ಯಾಂಡ್.

ಲಾಂಗ್ ಐಲ್ಯಾಂಡಿನ ಉತ್ತರದ ಕವಲು ಮುಗಿಯುವುದು ಓರಿಯೆಂಟ್ ಪಾಯಿಂಟಿನಲ್ಲಿ. ಅಲ್ಲಿಂದ ಕನೆಕ್ಟಿಕಟ್ಟಿನ ನ್ಯೂ ಲಂಡನ್ನಿಗೆ ಕಾರುಗಳನ್ನೂ ಹೊತ್ತೊಯ್ಯುವ ಫೆರಿ ಇದೆ, ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷದ ಪಯಣ. ಒಂದು ಜುಲೈ ತಿಂಗಳಿನಲ್ಲಿ ನಾನು, ನನ್ನ ಶ್ರೀಮತಿ, ರಜಕ್ಕೆ ಬಂದಿದ್ದ ಮಗಳು ಆ ದಾರಿಯಲ್ಲಿ ಹೋದೆವು. ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಬಲಗಡೆ ಪ್ಲಮ್ ಐಲ್ಯಾಂಡ್ ಸಿಗುತ್ತದೆ. 1954ರಿಂದ ದಶಕಗಳ ಕಾಲ ದನಗಳ ಕಾಲುಬಾಯಿ ಜ್ವರದ ಸಂಶೋಧನೆ ನಡೆದದ್ದು ಅಲ್ಲಿಯೇ. ಊರಿನ ಕೊಟ್ಟಿಗೆಯಲ್ಲಿ ಆ ರೋಗವನ್ನು ಕಂಡಿದ್ದ ನನ್ನ ಶ್ರೀಮತಿ, "ಇದಕ್ಕಾಗಿ ಒಂದು ದ್ವೀಪವನ್ನೇ ಬಿಟ್ಟುಕೊಟ್ಟಿದ್ದರೇ!" ಎಂದು ಬೆರಗಾದಳು. ಅದರ ಆಚೆಗೆ, ನೀರಿಗೆ ಅಂಟಿಕೊಂಡಂತೆ ಇನ್ನೊಂದು ಪುಟ್ಟ ನೆಲ ಕಾಣುತ್ತದೆ. ಬರೀ 17 ಎಕರೆ, ನಮ್ಮ ಮಲೆನಾಡಿನ ಒಂದು ಸಾಧಾರಣ ತೋಟದಷ್ಟು. ಬೈನಾಕ್ಯುಲರ್ ಹಿಡಿದರೆ ಅದರ ಮೇಲೆ ಬಿಳಿ ಚುಕ್ಕೆಗಳು ಎದ್ದು, ತಿರುಗಿ, ಮತ್ತೆ ಕೂರುವುದು ಕಾಣುತ್ತದೆ. ಅವೇ ಟರ್ನ್ ಹಕ್ಕಿಗಳು.

ಟರ್ನ್ ಎಂದರೆ ನಮಗೆ ಹೊಸ ಹಕ್ಕಿಯೇನಲ್ಲ. ಕನ್ನಡದಲ್ಲಿ ರೀವ ಎನ್ನುತ್ತಾರೆ. ಭದ್ರಾ ಜಲಾಶಯದ ನೀರು ಇಳಿದಾಗ ಎದ್ದು ಕಾಣುವ ನಡುಗಡ್ಡೆಗಳ ಮೇಲೆ ಪ್ರತಿ ಬೇಸಿಗೆಯಲ್ಲೂ ಹೊಳೆ ರೀವಗಳು ಸಂಸಾರ ಹೂಡುತ್ತವೆ. ಲಕ್ಕವಳ್ಳಿಯ ಪ್ರವಾಸಿ ತಂಗುದಾಣಕ್ಕೆ ಆ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಗ್ರೇಟ್ ಗಲ್‌ನಲ್ಲಿರುವುದು ಅದೇ ಬಳಗದ ಕಾಮನ್ ಟರ್ನ್ ಮತ್ತು ರೋಸಿಯೇಟ್ ಟರ್ನ್. ಕವಲೊಡೆದ ಬಾಲ, ಕಪ್ಪು ಟೋಪಿ, ನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಂತು ಬಾಣದಂತೆ ಧುಮುಕುವ ಪರಿ, ಎಲ್ಲ ಅದೇ. ಇವು ಚಳಿಗಾಲಕ್ಕೆ ಬ್ರೆಜಿಲ್, ಅರ್ಜೆಂಟೀನಾದ ತೀರಗಳವರೆಗೂ ಹಾರಿ ಹೋಗಿ, ವಸಂತದಲ್ಲಿ ತಪ್ಪದೆ ಇದೇ 17 ಎಕರೆಗೆ ಮರಳುತ್ತವೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಬರುವ ನಮಗೆ ಇದು ಅರ್ಥವಾಗುವ ವಿಚಾರ!

ಈ ದ್ವೀಪದಲ್ಲಿ ಹಿಂದೆ ಫೋರ್ಟ್ ಮಿಕಿ ಎಂಬ ಸೈನ್ಯದ ಕೋಟೆಯಿತ್ತು. 1949ರಲ್ಲಿ ಇದು ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಕೈಗೆ ಬಂತು. ಮ್ಯಾನ್‌ಹಟನ್ನಿನಲ್ಲಿ ನಾವು ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಡೈನೋಸಾರ್ ತೋರಿಸಲು ಕರೆದೊಯ್ಯುತ್ತೇವಲ್ಲ, ಅದೇ ಮ್ಯೂಸಿಯಂ. 1969ರಿಂದ ಹೆಲೆನ್ ಹೇಸ್ ಎಂಬ ಮಹಿಳೆ ಇಲ್ಲಿನ ಕೆಲಸದ ಮುಂದಾಳುತನ ವಹಿಸಿದರು. ಬೇಸಿಗೆಯೆಲ್ಲ ಹಳೆಯ ಕೋಟೆಯ ಕಟ್ಟಡಗಳಲ್ಲಿ ವಾಸ, ಬೆಳಗಾದರೆ ಮರಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ. ಹೀಗೆ ಕಳೆದದ್ದು ಒಂದೆರಡು ವರ್ಷವಲ್ಲ, ಅರ್ಧ ಶತಮಾನ. ಸಾರ್ವಜನಿಕರಿಗೆ ಅಲ್ಲಿ ಇಳಿಯಲು ಅವಕಾಶವಿಲ್ಲ. ನಮ್ಮಂಥವರು ಫೆರಿಯ ಕಟಕಟೆ ಹಿಡಿದು ದೂರದಿಂದಲೇ ಕೈಮುಗಿಯಬೇಕು.

ಟರ್ನ್ ಹಕ್ಕಿಗೆ ಒಂದು ಅಭ್ಯಾಸವಿದೆ. ಮೀನು ತಿಂದ ಮೇಲೆ ಜೀರ್ಣವಾಗದ ಮುಳ್ಳುಗಳನ್ನು ಸಣ್ಣ ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. 1970ರ ದಶಕದ ಆರಂಭದಲ್ಲಿ ಹೇಸ್ ಮತ್ತು ಸಂಗಡಿಗರಿಗೆ ಆ ಉಂಡೆಗಳಲ್ಲಿ ಮುಳ್ಳಿನ ಜೊತೆ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳುಗಳು ಸಿಕ್ಕವು. ಅವರು ಅಷ್ಟಕ್ಕೇ ಬಿಡಲಿಲ್ಲ. ಕಾಳುಗಳ ಜಾಡು ಹಿಡಿದು ಕಡಲತೀರಗಳಲ್ಲಿ ಹುಡುಕಿದರು, ಅಲ್ಲಿಂದ ಪ್ಲಾಸ್ಟಿಕ್ ಕಾರ್ಖಾನೆಗಳ ಅಂಗಳದವರೆಗೂ ಹೋದರು, ಅಲ್ಲೂ ಅವೇ ಸಿಕ್ಕವು. 1974ರಲ್ಲಿ ಈ ವರದಿ ಪ್ರಕಟವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1972ರಲ್ಲಿ, ಎಡ್ವರ್ಡ್ ಕಾರ್ಪೆಂಟರ್ ಎಂಬ ವಿಜ್ಞಾನಿ ಇಂಥದೇ ಕಾಳುಗಳನ್ನು ಇದೇ ಸೀಮೆಯ ಕರಾವಳಿ ನೀರಿನಲ್ಲಿ ಕಂಡು, ಅವುಗಳ ಮೈಗೆ ಪಿಸಿಬಿ ಎಂಬ ವಿಷರಾಸಾಯನಿಕ ಅಂಟಿರುವುದನ್ನೂ ತೋರಿಸಿದ್ದರು. ಅಂದರೆ ಐವತ್ತು ವರ್ಷಗಳ ಹಿಂದೆಯೇ ಹಕ್ಕಿಗಳು ನಮಗೆ ವಿಳಾಸ ಸಮೇತ ಪತ್ರ ಬರೆದಿದ್ದವು.

ಆ ವಿಳಾಸ ಇನ್ನೂ ಹತ್ತಿರದ್ದು. 1860ರ ದಶಕದಲ್ಲಿ ಬಿಲಿಯರ್ಡ್ಸ್ ಆಟದ ಚೆಂಡುಗಳಿಗೆ ಆನೆದಂತ ಸಾಲದೆ ಬಂದಾಗ ಆಲ್ಬನಿಯ ಜಾನ್ ವೆಸ್ಲಿ ಹಯಾಟ್ ಎಂಬಾತ ದಂತಕ್ಕೆ ಬದಲಿಯಾಗಿ ಸೆಲ್ಯುಲಾಯ್ಡ್ ತಯಾರಿಸಿ, ಮುಂದೆ ತನ್ನ ಕಾರ್ಖಾನೆಯನ್ನು ನಮ್ಮ ನ್ಯೂವಾರ್ಕಿಗೆ ತಂದ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ನ್ಯೂಯಾರ್ಕಿನ ಯಾಂಕರ್ಸಿನ ತನ್ನ ಮನೆಯಲ್ಲಿ, ಸಂಪೂರ್ಣವಾಗಿ ಮನುಷ್ಯನೇ ಮಾಡಿದ ಮೊದಲ ಪ್ಲಾಸ್ಟಿಕ್ಕಾದ ಬೇಕಲೈಟ್ ಕಂಡುಹಿಡಿದ. ಅದನ್ನು ತಯಾರಿಸಲು ಕಾರ್ಖಾನೆ ಎದ್ದದ್ದು ಪರ್ತ್ ಆಂಬಾಯ್‌ನಲ್ಲಿ, ರಾರಿಟನ್ ನದಿ ಸಮುದ್ರ ಸೇರುವ ಬಾಯಿಯಲ್ಲಿ. ಎಡಿಸನ್, ಐಸಲಿನ್‌ಗಳಲ್ಲಿ ಇರುವ ನಮ್ಮ ಕನ್ನಡ ಕುಟುಂಬಗಳಿಗೆ ಅದು ಪಕ್ಕದ ಊರು. ನಮ್ಮ ಅಜ್ಜಂದಿರ ಮನೆಯ ಕರೀ ವಿದ್ಯುತ್ ಸ್ವಿಚ್ಚುಗಳು ನೆನಪಿವೆಯೇ? ಅವು ಬೇಕಲೈಟಿನವು. ಆನೆಯನ್ನು ಉಳಿಸಬಹುದಾದ ಜಾಣತನವೇ ಮುಂದೆ ಹಕ್ಕಿಗೆ ಕಂಟಕವಾದದ್ದು ವಿಪರ್ಯಾಸ.

ವೈದ್ಯನಾದ್ದರಿಂದ ನನಗೆ ಸಹಜವಾಗಿ ಹುಟ್ಟಿದ ಪ್ರಶ್ನೆ, ಒಂದು ಹಕ್ಕಿ ಉಗುಳಿ ಬದುಕಿಕೊಂಡರೆ ಇನ್ನೊಂದು ಯಾಕೆ ಸಾಯಬೇಕು? ಹಕ್ಕಿಗಳ ಜಠರದಲ್ಲಿ ಎರಡು ಕೋಣೆಗಳಿವೆ. ಮೊದಲನೆಯದು ರಸ ಸುರಿಸಿ ಆಹಾರವನ್ನು ಮೆತ್ತಗೆ ಮಾಡುತ್ತದೆ, ಎರಡನೆಯದು ದಪ್ಪ ಸ್ನಾಯುವಿನದು, ಒರಳಿನಂತೆ ಅರೆಯುತ್ತದೆ. ಶಿಯರ್‌ವಾಟರ್, ಪೆಟ್ರೆಲ್ ಎಂಬ ಕಡಲಹಕ್ಕಿಗಳಲ್ಲಿ ಈ ಎರಡರ ನಡುವಿನ ದಾರಿ ಬಹಳ ಇಕ್ಕಟ್ಟು. ಟರ್ನ್‌ನಂತೆ ದಿನವೂ ಉಂಡೆ ಉಗುಳುವ ಅಭ್ಯಾಸ ಅವುಗಳಿಗಿಲ್ಲ. ಎರಡನೆಯ ಕೋಣೆಗೆ ಇಳಿದ ಪ್ಲಾಸ್ಟಿಕ್ ಸವೆದು ಸಣ್ಣದಾಗುವವರೆಗೆ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ಹಕ್ಕಿಗೆ ಹೊಟ್ಟೆ ತುಂಬಿದಂತೆ ತೋರುತ್ತದೆ, ಮೈಗೆ ಮಾತ್ರ ಏನೂ ದಕ್ಕುವುದಿಲ್ಲ. ತಾಯಿ ತಂದೆ ಕಕ್ಕಿ ಉಣಿಸುವುದು ಮರಿಗೆ ಮಾತ್ರ. ಹೀಗಾಗಿ ದೊಡ್ಡವರ ಹೊಟ್ಟೆಯ ಕಸ ತುತ್ತಿನ ಜೊತೆ ಮಕ್ಕಳ ಹೊಟ್ಟೆಗೆ ಇಳಿಯುತ್ತದೆ. ನಮ್ಮ ಊರುಗಳಲ್ಲಿ ಬೀದಿ ದನಗಳ ಹೊಟ್ಟೆ ಕೊಯ್ದು ಪಶುವೈದ್ಯರು ಹತ್ತಾರು ಕಿಲೋ ಪ್ಲಾಸ್ಟಿಕ್ ಚೀಲ ಹೊರತೆಗೆದ ಸುದ್ದಿ ಓದಿದ್ದೇವಲ್ಲ, ರೋಗ ಅದೇ. ಆದರೆ ಈ ಹಕ್ಕಿಗೆ ಡಾಕ್ಟರಿಲ್ಲ.

ಇಷ್ಟಕ್ಕೂ ಹಕ್ಕಿ ಯಾಕೆ ತಿನ್ನುತ್ತದೆ, ಅಷ್ಟೂ ತಿಳಿಯುವುದಿಲ್ಲವೇ ಎಂದು ಮಗಳು ಕೇಳಿದಳು. ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ ಮೇಲೆ ಪಾಚಿ ಬೆಳೆಯುತ್ತದೆ. ಪಾಚಿಯಿಂದ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ವಾಸನೆ ಹೊರಡುತ್ತದೆ. ಪೆಟ್ರೆಲ್ ಬಳಗದ ಅನೇಕ ಹಕ್ಕಿಗಳು ಸಾವಿರಾರು ವರ್ಷಗಳಿಂದ ಆ ವಾಸನೆ ಹಿಡಿದೇ ಊಟ ಹುಡುಕಿಕೊಂಡು ಬಂದಿವೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಒಗ್ಗರಣೆಯ ವಾಸನೆ ಬಂದರೆ ನಾವು ಅಡುಗೆಮನೆಯತ್ತ ತಿರುಗುವುದಿಲ್ಲವೇ, ಹಾಗೆಯೇ. ಹಕ್ಕಿಯದು ದಡ್ಡತನವಲ್ಲ, ಅದರ ಮೂಗನ್ನು ನಮ್ಮ ಕಸ ಮೋಸಗೊಳಿಸಿದೆ.

2019ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಸತ್ತ ಕಡಲಹಕ್ಕಿಗಳನ್ನು ಪರೀಕ್ಷಿಸಿ ಲೆಕ್ಕ ಹಾಕಿತು. ಒಂದೇ ಒಂದು ಚೂರು ನುಂಗಿದರೂ ಅದರಿಂದ ಸಾಯುವ ಸಂಭವ ಶೇಕಡಾ 20, ಒಂಬತ್ತು ಚೂರಾದರೆ ಶೇಕಡಾ 50. ಎಲ್ಲಕ್ಕಿಂತ ಅಪಾಯಕಾರಿ ಬಲೂನು. ಗಟ್ಟಿ ಪ್ಲಾಸ್ಟಿಕ್ಕಿಗಿಂತ 32 ಪಟ್ಟು ಹೆಚ್ಚು ಮಾರಕ, ಏಕೆಂದರೆ ಅದು ಮೆತ್ತಗೆ ಅಂಟಿಕೊಂಡು ದಾರಿಯನ್ನೇ ಮುಚ್ಚುತ್ತದೆ. 2023ರಲ್ಲಿ ಆಸ್ಟ್ರೇಲಿಯಾದ ಪೂರ್ವಕ್ಕಿರುವ ಲಾರ್ಡ್ ಹೋವ್ ದ್ವೀಪದ ಶಿಯರ್‌ವಾಟರುಗಳಲ್ಲಿ ಒಂದು ಹೊಸ ಕಾಯಿಲೆಯನ್ನೇ ಗುರುತಿಸಿ 'ಪ್ಲಾಸ್ಟಿಕೋಸಿಸ್' ಎಂದು ಹೆಸರಿಟ್ಟರು. ಚೂರುಗಳು ತಿಕ್ಕಿ ತಿಕ್ಕಿ ಜಠರದ ಒಳಪದರದಲ್ಲಿ ಗಾಯದ ಕಲೆ ಬೆಳೆದು, ಜೀರ್ಣರಸದ ಗ್ರಂಥಿಗಳು ನಾಶವಾಗುತ್ತವೆ. ಆಸ್ಬೆಸ್ಟಾಸ್ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವುದನ್ನು ನಾವು ವೈದ್ಯರು ಬಲ್ಲೆವು. ಇದು ಅದರದೇ ದಾಯಾದಿ.

ಇನ್ನು ನಮ್ಮ ಕಡಲಿಗೆ ಪ್ರತಿ ಬೇಸಿಗೆಯಲ್ಲೂ ಬರುವ ಒಬ್ಬ ಅತಿಥಿಯ ವಿಷಯ ಹೇಳಬೇಕು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ, ಕೇಪ್ ಟೌನಿನಿಂದ ಸುಮಾರು 2,800 ಕಿಲೋಮೀಟರು ದೂರದಲ್ಲಿ, ಟ್ರಿಸ್ಟನ್ ಡ ಕುನ್ಯಾ ಎಂಬ ದ್ವೀಪಗಳ ಗುಂಪಿದೆ. ಮನುಷ್ಯರು ವಾಸಿಸುವ ಜಾಗಗಳಲ್ಲಿ ಅದಕ್ಕಿಂತ ಒಂಟಿಯಾದದ್ದು ಇನ್ನೊಂದಿಲ್ಲ ಎನ್ನುತ್ತಾರೆ. ಜನಸಂಖ್ಯೆ ಇನ್ನೂರೈವತ್ತರ ಆಸುಪಾಸು. ಅಲ್ಲಿನ ಒಂದು ದ್ವೀಪದ ಹೆಸರೇ ಇನ್‌ಆಕ್ಸೆಸಿಬಲ್, ಯಾರೂ ತಲುಪಲಾಗದ್ದು. ಗ್ರೇಟ್ ಶಿಯರ್‌ವಾಟರ್ ಎಂಬ ಹಕ್ಕಿ ಮುಖ್ಯವಾಗಿ ಇದೇ ದ್ವೀಪಗಳಲ್ಲಿ ಲಕ್ಷಾಂತರ ಸಂಖ್ಯೆಯಲ್ಲಿ ಮರಿ ಮಾಡುತ್ತದೆ. ಅಲ್ಲಿ ಚಳಿ ಶುರುವಾದಾಗ ಇಡೀ ಅಟ್ಲಾಂಟಿಕ್ ದಾಟಿ ಜೂನ್ ಹೊತ್ತಿಗೆ ಲಾಂಗ್ ಐಲ್ಯಾಂಡ್, ನ್ಯೂ ಇಂಗ್ಲೆಂಡ್ ಎದುರಿನ ನೀರಿಗೆ ಬರುತ್ತದೆ. ಮಾಂಟಾಕ್‌ನಿಂದ ತಿಮಿಂಗಿಲ ನೋಡಲು ಹೋಗುವ ದೋಣಿಗಳಿಂದ ಎಷ್ಟೋ ಜನ ಅದನ್ನು ಕಂಡಿದ್ದಾರೆ. ದಕ್ಷಿಣ ಆಫ್ರಿಕಾದ ಪೀಟರ್ ರಯಾನ್ ಮುಂತಾದ ವಿಜ್ಞಾನಿಗಳು 1980ರ ದಶಕದಿಂದಲೇ ಈ ಹಕ್ಕಿಯ ಹೊಟ್ಟೆಯ ಪ್ಲಾಸ್ಟಿಕ್ ಎಣಿಸುತ್ತ ಬಂದಿದ್ದಾರೆ. ಕಸ ಆ ದ್ವೀಪಕ್ಕೆ ಹಡಗುಗಳಿಂದಲೂ ಬರುತ್ತದೆ. 2018ರಲ್ಲಿ ಇನ್‌ಆಕ್ಸೆಸಿಬಲ್‌ನ ದಡದಲ್ಲಿ ಹೊಸದಾಗಿ ಬಂದುಬಿದ್ದಿದ್ದ ಬಾಟಲಿಗಳಲ್ಲಿ ಹೆಚ್ಚಿನವು ಏಷ್ಯಾದಲ್ಲಿ ತಯಾರಾದವು, ಹಡಗುಗಳಿಂದ ಎಸೆದವು ಎಂದು ರಯಾನ್ ಅವರ ತಂಡ ತೀರ್ಮಾನಿಸಿತು. ಆದರೆ ಹಕ್ಕಿ ಕಸವನ್ನು ನುಂಗುವುದು ತನ್ನ ದ್ವೀಪದ ಸುತ್ತ ಮಾತ್ರವಲ್ಲ, ಹೋದ ಕಡೆಯಲ್ಲೆಲ್ಲ. ನಮ್ಮ ಕಡಲಿನಲ್ಲಿ ನುಂಗಿದ ಚೂರು ಅದರ ಹೊಟ್ಟೆಯಲ್ಲೇ ಕೂತು ಆ ಒಂಟಿ ದ್ವೀಪಕ್ಕೂ ಹೋಗಬಹುದು. ಮನುಷ್ಯ ತಲುಪಲಾಗದ ಜಾಗಕ್ಕೆ ಮನುಷ್ಯನ ಕಸ ರೆಕ್ಕೆ ಕಟ್ಟಿಕೊಂಡು ಹೋಗುತ್ತದೆ.

ಹಾಗಾದರೆ ನಮ್ಮ ಬೀದಿಯಿಂದ ಕಡಲಿಗೆ ದಾರಿ ಯಾವುದು? ನ್ಯೂಯಾರ್ಕ್ ನಗರದ ಹೆಚ್ಚುಭಾಗದಲ್ಲಿ ಮಳೆನೀರೂ ಕೊಳಚೆನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆ ಬಂದರೆ ಕೊಳವೆ ತುಂಬಿ, ಶುದ್ಧೀಕರಣಕ್ಕೆ ಹೋಗದೆ ನೇರವಾಗಿ ನದಿಗೆ, ಬಂದರಿಗೆ ಉಕ್ಕುತ್ತದೆ. ಕ್ವೀನ್ಸ್‌ನ ಫುಟ್‌ಪಾತಿನಲ್ಲಿ ಬಿದ್ದ ಸ್ಟ್ರಾ, ಮುಚ್ಚಳ, ಚಿಪ್ಸ್ ಪೊಟ್ಟಣ ಎಲ್ಲ ಅದರೊಡನೆ. 1987 ಮತ್ತು 1988ರ ಬೇಸಿಗೆಗಳನ್ನು ಕಂಡ ಹಿರಿಯರಿಗೆ ನೆನಪಿರಬಹುದು, ಜೆರ್ಸಿ ಮತ್ತು ಲಾಂಗ್ ಐಲ್ಯಾಂಡ್ ತೀರಗಳಿಗೆ ಸಿರಿಂಜು, ರಕ್ತದ ಟ್ಯೂಬುಗಳೇ ತೇಲಿಬಂದು ಬೀಚುಗಳನ್ನು ಮುಚ್ಚಬೇಕಾಯಿತು. ಆಸ್ಪತ್ರೆಯ ಕಸವನ್ನು ಹೇಗೆ ವಿಲೇವಾರಿ ಮಾಡಬೇಕೆಂಬ ಕಾನೂನು 1988ರಲ್ಲಿ ಬಂದದ್ದು ಅದರಿಂದ. ಇಂದು ನನ್ನ ಕ್ಲಿನಿಕ್ಕಿನಲ್ಲಿರುವ ಕೆಂಪು ಡಬ್ಬಿಯನ್ನು ನೋಡಿದಾಗಲೆಲ್ಲ ಅದು ಸಮುದ್ರ ಕಲಿಸಿದ ಪಾಠ ಅನ್ನಿಸುತ್ತದೆ.

ಜೆಎಫ್‌ಕೆ ವಿಮಾನ ನಿಲ್ದಾಣದ ಪಕ್ಕದ ಜಮೈಕಾ ಬೇಯ ಕಥೆ ನಮಗೆ ಇನ್ನೂ ಹತ್ತಿರದ್ದು. ಎರಡು ಸೂಟ್‌ಕೇಸು ಹಿಡಿದು ಈ ದೇಶಕ್ಕೆ ಬಂದ ನಮ್ಮಲ್ಲಿ ಎಷ್ಟೋ ಜನ ವಿಮಾನದ ಕಿಟಕಿಯಿಂದ ಮೊದಲು ಕಂಡ ಅಮೆರಿಕ ಆ ನೀರೇ. ಕ್ವೀನ್ಸ್‌ನ ಹಿಂದೂ ಕುಟುಂಬಗಳು, ಮುಖ್ಯವಾಗಿ ಗಯಾನಾ, ಟ್ರಿನಿಡಾಡ್ ಮೂಲದವರು, ಅದನ್ನೇ ಗಂಗೆಯೆಂದು ಭಾವಿಸಿ ಪೂಜೆ ಸಲ್ಲಿಸುತ್ತಾರೆ. ಆದರೆ ಅದು ಹರಿಯುವ ಗಂಗೆಯಲ್ಲ, ಮುಕ್ಕಾಲು ಮುಚ್ಚಿದ ಕೊಲ್ಲಿ. ಬಿಟ್ಟ ಸೀರೆ, ತೆಂಗಿನಕಾಯಿ, ಪ್ಲಾಸ್ಟಿಕ್ ಹೂವು ಮತ್ತೆ ದಡಕ್ಕೇ ಬರುತ್ತವೆ. ಅದು ಹಕ್ಕಿಗಳ ರಕ್ಷಿತಧಾಮವೂ ಹೌದು. ಪಾರ್ಕಿನ ರೇಂಜರುಗಳಿಗೂ ಭಕ್ತರಿಗೂ ನಡುವೆ ಕಸಿವಿಸಿಯಾಗಿದ್ದಾಗ 'ಸಾಧನಾ' ಎಂಬ ಹಿಂದೂ ಸಂಘಟನೆಯ ಯುವಜನರು 'ಪ್ರಾಜೆಕ್ಟ್ ಪೃಥ್ವಿ' ಎಂಬ ಹೆಸರಿನಲ್ಲಿ ಆ ತೀರವನ್ನು ತಾವೇ ಗುಡಿಸತೊಡಗಿದರು. ಪೂಜೆ ಬೇಡ ಎನ್ನಲಿಲ್ಲ, ಪೂಜೆಯಾದ ಮೇಲೆ ನೀರಿನಲ್ಲಿ ಏನೂ ಉಳಿಯಬಾರದು ಎಂದರು. ಗೌರಿ ಗಣೇಶ ಹಬ್ಬ ಮಾಡುವ ನಮಗೂ ಇದು ಒಪ್ಪುವ ಮಾತು. ಮಣ್ಣಿನ ಗಣಪನನ್ನು ಬಕೆಟ್ಟಿನಲ್ಲಿ ಬಿಟ್ಟು ಆ ನೀರನ್ನು ಹಿತ್ತಲಿನ ಗಿಡಕ್ಕೆ ಹಾಕಿದರೆ ಅವನೇನೂ ಮುನಿಯುವುದಿಲ್ಲ.

ಪ್ಲಾಸ್ಟಿಕ್ಕನ್ನೇ ಬಿಟ್ಟುಬಿಡಿ ಎಂದು ಹೇಳಲು ನಾನು ಹೊರಟಿಲ್ಲ. ಡ್ರಿಪ್ ಚೀಲ, ಕ್ಯಾಥೆಟರ್, ಒಮ್ಮೆ ಬಳಸಿ ಬಿಸಾಡುವ ಸೂಜಿ ಇವುಗಳಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಆದರೆ ಹತ್ತು ನಿಮಿಷದ ಊಟಕ್ಕೆ ನೂರಾರು ವರ್ಷ ಉಳಿಯುವ ತಟ್ಟೆ ಯಾವ ರೋಗಕ್ಕೆ ಮದ್ದು? ನಾವೂ ಈ ಕಥೆಯ ಹೊರಗಿಲ್ಲ. 2024ರಲ್ಲಿ ಇಟಲಿಯ ವೈದ್ಯರು ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನ ಪದರವನ್ನು ಪರೀಕ್ಷಿಸಿದಾಗ 257 ರೋಗಿಗಳಲ್ಲಿ 150 ಜನರಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಅಂಥವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಪ್ಲಾಸ್ಟಿಕ್ಕೇ ಕಾರಣ ಎಂದು ಇದರಿಂದ ಸಾಬೀತಾಗಲಿಲ್ಲ, ಎರಡೂ ಜೊತೆಯಲ್ಲಿದ್ದವು ಎಂದಷ್ಟೇ. ಆದರೂ ಹೃದಯದ ಕಾಯಿಲೆ ಮೊದಲೇ ಹೆಚ್ಚಿರುವ ನಮ್ಮ ಜನ ಗಮನಿಸಬೇಕಾದ ಸುದ್ದಿ.

ಸಂತೋಷದ ವಿಷಯವೆಂದರೆ ಮದ್ದು ಕೆಲಸ ಮಾಡುತ್ತದೆ. ಕಾರ್ಖಾನೆಗಳು ತಮ್ಮ ಕಾಳು ಚೆಲ್ಲದಂತೆ ಎಚ್ಚರ ವಹಿಸತೊಡಗಿದ ಮೇಲೆ ಕಡಲಹಕ್ಕಿಗಳ ಹೊಟ್ಟೆಯಲ್ಲಿ ಆ ಕಾಳುಗಳು ಗಣನೀಯವಾಗಿ ಕಡಿಮೆಯಾಗಿವೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ನ್ಯೂಯಾರ್ಕ್ 2020ರಲ್ಲಿ ಚೀಲಗಳನ್ನು ನಿಲ್ಲಿಸಿತು. ನ್ಯೂಜೆರ್ಸಿ 2022ರ ಮೇ 4ರಿಂದ ಚೀಲದ ಜೊತೆ ಫೋಮ್ ತಟ್ಟೆಗಳನ್ನೂ ನಿಲ್ಲಿಸಿತು. ಪಟೇಲ್ ಬ್ರದರ್ಸ್‌ಗೆ ಹೋಗುವಾಗ ಕೈಚೀಲ ಮರೆತು, ಕೊತ್ತಂಬರಿ ಕಟ್ಟುಗಳನ್ನು ಎದೆಗವಚಿಕೊಂಡು ಕಾರಿಗೆ ಓಡಿದವರನ್ನು ಆ ವರ್ಷ ಬಹಳ ಜನ ನೋಡಿದ್ದೇವೆ! ನಗಬೇಡಿ, ಅದೇ ವರ್ಷ ಜೆರ್ಸಿಯ ತೀರಗಳಲ್ಲಿ ಆಯ್ದ ಕಸದಲ್ಲಿ ಪ್ಲಾಸ್ಟಿಕ್ ಚೀಲಗಳ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು.

ಇದು ಗೊತ್ತಾದದ್ದು ಯಾರೋ ಬಗ್ಗಿ ಒಂದೊಂದನ್ನೇ ಎಣಿಸಿದ್ದರಿಂದ. ಕ್ಲೀನ್ ಓಷನ್ ಆಕ್ಷನ್ ಎಂಬ ಸಂಸ್ಥೆ 1985ರಲ್ಲಿ ಸ್ಯಾಂಡಿ ಹುಕ್‌ನಲ್ಲಿ ಬೀಚ್ ಸ್ವೀಪ್ ಆರಂಭಿಸಿತು. ಈಗ ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಸಾವಿರಾರು ಜನ ನ್ಯೂಜೆರ್ಸಿಯ ತೀರದುದ್ದಕ್ಕೂ ಕಸ ಆಯುತ್ತಾರೆ. ಬರೀ ಆಯುವುದಲ್ಲ, ಮುಚ್ಚಳ ಎಷ್ಟು, ಸ್ಟ್ರಾ ಎಷ್ಟು, ಬಲೂನು ಎಷ್ಟು ಎಂದು ಕಾಗದದ ಮೇಲೆ ಗುರುತು ಹಾಕುತ್ತಾರೆ. ಕಾನೂನು ಮಾಡುವವರ ಮುಂದೆ ಆ ಕಾಗದಗಳೇ ಸಾಕ್ಷಿಯಾಗಿ ನಿಂತವು. ಸ್ಯಾಂಡಿ ಹುಕ್‌ನ ಮರಳಿನಲ್ಲಿ ಬೇಸಿಗೆಯಲ್ಲಿ ಹಗ್ಗ ಕಟ್ಟಿ "ಒಳಗೆ ಬರಬೇಡಿ" ಎಂದು ಬರೆದಿರುವ ಜಾಗಗಳಿವೆಯಲ್ಲ, ಅಲ್ಲಿ ಗೂಡು ಮಾಡುವುದೂ ಟರ್ನ್‌ಗಳೇ.

ನಮ್ಮ ಕೂಟದ ಹಬ್ಬದೂಟಕ್ಕೆ ನೂರಾರು ಎಲೆ ಬೀಳುತ್ತವೆ. ಅಡಕೆ ಹಾಳೆಯ ತಟ್ಟೆಗಳು ಈಗ ಇಲ್ಲಿಯೇ ಸಿಗುತ್ತವೆ, ಅವು ಬರುವುದೂ ಹೆಚ್ಚಾಗಿ ನಮ್ಮ ನಾಡಿನಿಂದಲೇ. ನೀರಿನ ಸಣ್ಣ ಬಾಟಲಿಗಳ ಬದಲು ದೊಡ್ಡ ಕ್ಯಾನು, ಪ್ರತಿಯೊಬ್ಬರೂ ಮನೆಯಿಂದ ಒಂದು ಲೋಟ. ವೇದಿಕೆಗೆ ಬಲೂನಿನ ಬದಲು ಮಾವಿನೆಲೆಯ ತೋರಣ, ಚೆಂಡುಹೂವು. ಕಾರ್ಯಕಾರಿ ಸಮಿತಿಯವರಿಗೆ ಇದು ನನ್ನ ನಮ್ರ ಬಿನ್ನಹ. ಇನ್ನೊಂದು ಬಿನ್ನಹವೂ ಇದೆ. ಅಕ್ಟೋಬರಿನಲ್ಲಿ ರಾಜ್ಯೋತ್ಸವದ ನಾಟಕ, ಹಾಡುಗಳ ತಾಲೀಮಿಗೆ ಹೇಗೂ ಎಲ್ಲರೂ ಶನಿವಾರ ಸೇರುತ್ತೇವೆ. ಒಂದು ಶನಿವಾರದ ಬೆಳಗ್ಗೆ ಮಾತ್ರ ತಾಲೀಮು ಬಿಟ್ಟು, ಮಕ್ಕಳ ಜೊತೆ ಸ್ಯಾಂಡಿ ಹುಕ್‌ಗೆ ಹೋಗೋಣ. ಕೈಗವಸು ನಾನು ತರುತ್ತೇನೆ. ಉಪ್ಪಿಟ್ಟು ಯಾರು ತರುತ್ತೀರೋ ಹೇಳಿ.